ಕೇಬಲ್ಲಿನಲ್ಲಿ ಹತ್ತನೇ ಕ್ಲಾಸಿನ ಲೆಕ್ಕ

ನನ್ನ ತಂಗಿಯ ಸೊಸೆ ಈ ವರ್ಷ ಹೈಸ್ಕೂಲಿಗೆ ಗಣಿತದ ಟೀಚರ್ ಆಗಿ ಸೇರಿದಳು. ಮೊನ್ನೆ ಮನೆಗೆ ಬಂದಾಗ ಫೋನು ತೆಗೆದು ತೋರಿಸಿದಳು. ಅದರಲ್ಲಿ ಅವಳ ಕ್ಲಾಸಿನ ಗುಂಪು. ಅವಳು ಪಾಠ ಹಾಕುತ್ತಾಳೆ, ಮಕ್ಕಳು ಪ್ರಶ್ನೆ ಹಾಕುತ್ತಾರೆ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಉತ್ತರ ಹೇಳುತ್ತಾರೆ.

"ಇಡೀ ಕ್ಲಾಸು ಇದರೊಳಗೇ ಇದೆ ದೊಡ್ಡತ್ತೆ" ಅಂದಳು.

"ಫೋನಿಲ್ಲದ ಮಕ್ಕಳು?"

"ಪಕ್ಕದ ಮನೆಯವರ ಫೋನಲ್ಲಿ ನೋಡ್ಕೋತಾರೆ."

ಅವಳು ಅದನ್ನು ಹೇಳಿ ಕಾಫಿ ಕುಡಿಯತೊಡಗಿದಳು. ನಾನು ಮಾತ್ರ ಆ 'ಪಕ್ಕದ ಮನೆ'ಯ ಬಾಗಿಲಲ್ಲೇ ನಿಂತುಬಿಟ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ಇಂಥದ್ದೇ ಒಂದು ಕೆಲಸಕ್ಕೆ ಕೈಹಾಕಿದ್ದೆ. ಆಗ ಫೋನಿನ ಗುಂಪು ಎಲ್ಲಿ ಬರಬೇಕು, ಕೇಬಲ್ ಟಿವಿ ಇತ್ತು ಅಷ್ಟೆ. ಅದರಲ್ಲಿ ಏನೇನಾಯಿತು, ಯಾರು ಯಾರಿಂದ ಕಲಿತರು ಅನ್ನುವುದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಅರ್ಥವಾದಷ್ಟನ್ನು ಬರೆದಿಡುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ತಲೆ ಕೆಟ್ಟು ಕೂತಾಗ ಓದಿಕೊಳ್ಳಬಹುದು.

ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಎಲ್ಲ ಕಡೆ ಕೆಲಸ ಮಾಡಿ ಕೊನೆಗೆ ಪಾಂಡವಪುರದ ಒಂದು ಪ್ರೌಢಶಾಲೆಗೆ ಬಂದಿದ್ದೆ. ಎಲ್ಲ ಕಡೆಯೂ ಒಂದೇ ಕಥೆ. ಹತ್ತನೇ ಕ್ಲಾಸಿನ ಫಲಿತಾಂಶ ಬಂದ ದಿನ "ಮ್ಯಾತ್ಸಲ್ಲಿ ಹೋಯ್ತು" ಅನ್ನುವ ಮಾತು ಊರು ತುಂಬ ಕೇಳಿಸುತ್ತಿತ್ತು. ಹಾಗೆ ಹೋದವರು ಶಾಲೆಗೆ ಮತ್ತೆ ಬರುವಂತಿರಲಿಲ್ಲ. ದುಡ್ಡಿದ್ದವರು ಟ್ಯೂಷನ್ನಿಗೆ ಹೋದರು. ಇಲ್ಲದವರನ್ನು ನಾನು ಆಮೇಲೆ ಆಲೆಮನೆಯ ಮುಂದೆಯೋ ಕಬ್ಬಿನ ಗದ್ದೆಯ ಬದುವಿನ ಮೇಲೋ ಕಾಣುತ್ತಿದ್ದೆ. ನನ್ನನ್ನು ಕಂಡ ಕೂಡಲೇ "ಮಿಸ್ಸು ಬಂದ್ರು" ಅಂತ ಟವೆಲಿನಲ್ಲಿ ಮುಖ ಮರೆಸಿಕೊಳ್ಳುತ್ತಿದ್ದರು. ಸಾಲ ತೀರಿಸದೆ ತಿರುಗುವವರಂತೆ ಅವರು ಯಾಕೆ ಅಡಗಬೇಕಿತ್ತು? ಪಾಠ ಮಾಡಿದವಳು ನಾನು.

ಒಂದು ಮಳೆಗಾಲದ ಸಂಜೆ ಮಾದೇವಾಚಾರಿ ನಮ್ಮ ಮನೆಗೆ ಬಂದ. ಅಪ್ಪನ ಕಾಲದಿಂದ ಚಿನ್ನದ ಕೆಲಸ ಮಾಡುತ್ತಿದ್ದ ಮನೆ ಅವರದು. ಜನ ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಸಿದ್ಧ ಒಡವೆ ಕೊಳ್ಳತೊಡಗಿದ ಮೇಲೆ ಅವನು ಕುಲುಮೆ ಆರಿಸಿ, ಮಾಳಿಗೆಯ ಮೇಲೆ ಡಿಶ್ ಇಟ್ಟು, ಊರಿಗೆಲ್ಲ ಕೇಬಲ್ ಕೊಟ್ಟಿದ್ದ. ಜೊತೆಗೆ ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ಅವನ ಅಕ್ಕನ ಮಗಳು ಗಾಯತ್ರಿ ಅವನ ಮನೆಯಲ್ಲೇ ಇದ್ದು ಓದುತ್ತಿದ್ದವಳು ಆ ವರ್ಷ ಗಣಿತದಲ್ಲಿ ಫೇಲಾಗಿದ್ದಳು.

"ಟೀಚ್ರಮ್ಮ, ದಿನಾ ಸಂಜೆ ಸಿನ್ಮಾ ಹಾಕೋಕ್ ಮುಂಚೆ ನಮ್ ಚಾನೆಲ್ಲು ಸುಮ್ನೆ ಬಿದ್ದಿರ್ತದೆ. ನೀವು ಲೆಕ್ಕ ಹೇಳ್ಕೊಡಿ, ನಾನು ರೆಕಾರ್ಡ್ ಮಾಡಿ ಬುಡ್ತೀನಿ. ಊರೆಲ್ಲ ನೋಡ್ತದೆ. ಫೇಲಾದ್ ಮಕ್ಳು ಮನೇಲೇ ಕುಂತ್ಕಂಡು ಕಲ್ತ್ಕತವೆ."

ಊರೆಲ್ಲ ಅನ್ನುವ ಮಾತನ್ನು ನಾನು ನಂಬಿದೆ. ಅವನೂ ನಂಬಿದ್ದ.

ಹಳೇ ಕುಲುಮೆಯ ಕೋಣೆಯಲ್ಲೇ ಬೋರ್ಡು ಇಟ್ಟೆವು. ಮೊದಲ ಪಾಠ ಮುಗಿಸಿ, ಮನೆಗೆ ಬಂದು, ಟಿವಿ ಹಾಕಿ ನೋಡಿದರೆ ಉದ್ದಕ್ಕೂ ನನ್ನ ಬೆನ್ನು. ಬೋರ್ಡಿಗೂ ಕ್ಯಾಮೆರಾಕ್ಕೂ ನಡುವೆ ನಾನೇ ಗೋಡೆಯ ಹಾಗೆ ನಿಂತಿದ್ದೆ. ಪಾಠ ಮುಗಿಯುವ ಹೊತ್ತಿಗೆ ನಾನು ತಿರುಗಿ "ತಿಳಿಯಿತೇ?" ಅಂದ ಕೂಡಲೇ ನನ್ನ ಮುಖ ಒಂದು ಹೃದಯದ ಆಕಾರದೊಳಗೆ ಸಿಕ್ಕಿಕೊಂಡು ಸುತ್ತಲೂ ಗುಲಾಬಿ ಹೂ ಉದುರಿದವು. ಮದುವೆ ವಿಡಿಯೊಗೆ ಹಾಕುವುದನ್ನೇ ಮಾದೇವಾಚಾರಿ ಇದಕ್ಕೂ ಹಾಕಿದ್ದ.

"ಕೊನೇಗೇನಾರ ಬೇಕಲ್ವಾ ಟೀಚ್ರಮ್ಮ, ಬೋಳು ಬೋಳು ಕಾಣ್ತಿತ್ತು" ಅಂದ.

ಮಾರನೆಯ ದಿನ ಸಂತೆಯಲ್ಲಿ ಸೊಪ್ಪು ಮಾರುವವಳು ಕೇಳಿದಳು: "ಟಿವೀಲಿ ಬಂದಿದ್ರಂತಲ್ಲ ಮಿಸ್ಸಮ್ಮ, ಏನ್ ನಿಮ್ಗೂ ಮದ್ವೇನಾ?" ನನಗೆ ಆಗ ಕೂದಲು ನರೆತಿತ್ತು.

ಎರಡನೆಯ ವಾರಕ್ಕೆ ಪಕ್ಕಕ್ಕೆ ನಿಂತು ಬರೆಯುವುದು ಅಭ್ಯಾಸವಾಯಿತು. ಹೃದಯವನ್ನು ಮಾತ್ರ ಅವನು ಬಿಡಲಿಲ್ಲ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕೇಬಲ್ಲಿನವರೆಲ್ಲ ಅವನ ಪರಿಚಯದವರು. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಕ್ಯಾಸೆಟ್ಟು ಅಲ್ಲಿಗೂ ಹೋಗತೊಡಗಿತು. ಶ್ರೀರಂಗಪಟ್ಟಣದವನು ನನ್ನ ಬೋರ್ಡಿನ ಕೆಳಭಾಗದ ಮೇಲೆ ಬಟ್ಟೆ ಅಂಗಡಿಯ ಜಾಹೀರಾತು ಓಡಿಸುತ್ತಿದ್ದ. ಉತ್ತರ ಬರುವುದು ಅಲ್ಲಿಯೇ. ನಾಗಮಂಗಲದಲ್ಲಿ ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಆದರೂ ದಾರಿಯಲ್ಲಿ ಸಿಕ್ಕವರೆಲ್ಲ ನಮಸ್ಕಾರ ಹೊಡೆದು "ಚೆನ್ನಾಗಿ ಬತ್ತಾ ಅದೆ ಮಿಸ್" ಅನ್ನುತ್ತಿದ್ದರು. ಬ್ಯಾಂಕಿನವರು, ಡಾಕ್ಟರ ಹೆಂಡತಿ, ಬೇಕರಿಯವರು. ಫೇಲಾದ ಒಂದು ಮಗುವೂ ಸಿಕ್ಕಿ ಹಾಗೆನ್ನಲಿಲ್ಲ. ಶಾಲೆಯ ಕ್ಲಾಸಿನಲ್ಲಾದರೆ ಮುಖ ನೋಡಿ ತಿಳಿಯುತ್ತಿತ್ತು. ಇಲ್ಲಿ ಎದುರಿಗಿದ್ದದ್ದು ಕ್ಯಾಮೆರಾದ ಗಾಜು, ಅದರ ಹಿಂದೆ ಮಾದೇವಾಚಾರಿಯ ಒಂದು ಕಣ್ಣು, ಪಕ್ಕದ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತ ಗಾಯತ್ರಿ. ಕೇಳಿದರೆ ಅವಳು ತಲೆ ಅಲ್ಲಾಡಿಸುತ್ತಿದ್ದಳು. ಅದು ತಿಳಿಯಿತು ಅಂತಲೋ ಬಿಟ್ಟುಬಿಡಿ ಅಂತಲೋ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ನಾನೇ ನೋಡಿಬರೋಣ ಅಂತ ಕ್ಯಾತನಹಳ್ಳಿಗೆ ಹೊರಟೆ. ಅಲ್ಲಿ ಮಾದೇವಾಚಾರಿಯ ಭಾವಮೈದ ಕೇಬಲ್ ಇಟ್ಟಿದ್ದ. ಊರಿನ ದೊಡ್ಡ ಬೀದಿಯಲ್ಲಿ, ಕಬ್ಬಿನ ಗದ್ದೆ ಇರುವ ಅನುಕೂಲಸ್ಥರ ಮನೆಯೊಂದರ ಪಕ್ಕದ ಓಣಿಯಲ್ಲಿ ನಾಲ್ಕೈದು ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು. ಅವರ ತಲೆಯ ಮೇಲೆ ಎತ್ತರದಲ್ಲಿ ಒಂದು ಕಿಟಕಿ. ಒಳಗಿನಿಂದ ನನ್ನದೇ ದನಿ ಬರುತ್ತಿತ್ತು. ನನ್ನನ್ನು ಕಂಡು ಎಲ್ಲರೂ ಓಡಿದರು. ಒಬ್ಬಳು ನಿಂತಳು. ಕಾಲಿಗೆ ಗದ್ದೆಯ ಕೆಸರು ಹಾಗೇ ಇತ್ತು.

"ಯಾರಮ್ಮ ನೀನು?"

"ಚಿಕ್ಕತಾಯಿ ಮಿಸ್. ಕಾಲನಿಯೋಳು. ಎರ್ಡ್ ಸಲ ಮ್ಯಾತ್ಸಲ್ಲಿ ಹೋಯ್ತು."

"ದಿನಾ ಬರ್ತೀಯಾ?"

"ಊ ಮಿಸ್. ಒಂದ್ ಕೇಳ್ಲಾ?" ಅವಳು ಕಿಟಕಿಯನ್ನು ತೋರಿಸಿದಳು. "ನೀವು 'ಇದು ಇದಕ್ಕೆ ಸಮ' ಅಂತೀರಲ್ಲ, ಯಾವ್ದು ಯಾವ್ದಕ್ಕೆ ಸಮ? ನಮ್ಗೆ ಕಾಣಾಕಿಲ್ಲ. ಬರೀ ಕೇಳುಸ್ಕತೀವಿ."

ಒಳಗಿನಿಂದ ಆ ಕ್ಷಣವೇ ನನ್ನ ದನಿ "ಈಗ ಇದನ್ನು ಇಲ್ಲಿಗೆ ಸೇರಿಸಿ" ಅಂದಿತು. ಇಷ್ಟು ವಾರ ಆ ಹುಡುಗಿಯರು ಇದು, ಅದು, ಇಲ್ಲಿ, ಅಲ್ಲಿ ಅನ್ನುವುದನ್ನು ಕೇಳಿಕೊಂಡು ಕತ್ತಲಾಗುವವರೆಗೆ ನಿಂತಿದ್ದರು.

ಮನೆಯೊಡತಿ ಸಾಕಮ್ಮ ಬಾಗಿಲಿಗೆ ಬಂದು ನನ್ನನ್ನು ಗುರುತು ಹಿಡಿದರು. ಅರವತ್ತು ದಾಟಿದ ಹೆಂಗಸು.

"ಅಯ್ಯೋ ಬನ್ನಿ ಕಣವ್ವ, ಒಳೀಕ್ ಬನ್ನಿ. ನೀವ್ ಬುಡೋ ರಂಗೋಲಿನ ದಿನಾ ನೋಡ್ತೀನಿ. ಚುಕ್ಕಿನೇ ಇಡ್ದೆ ಎಷ್ಟ್ ನೆಟ್ಟುಗ್ ಎಳೀತೀರಿ!"

ವೃತ್ತ, ತ್ರಿಭುಜಗಳನ್ನು ಅವರು ರಂಗೋಲಿ ಅಂದುಕೊಂಡಿದ್ದರು. ನಾನು ತಿದ್ದಲು ಹೋಗಲಿಲ್ಲ. "ಆ ಮಕ್ಕಳನ್ನ ಒಳಗೆ ಕರೀಬಾರದಾ ಅಮ್ಮ? ಅವರಿಗೋಸ್ಕರವೇ ಮಾಡ್ತಿರೋದು" ಅಂತ ಪಿಸುಗುಟ್ಟಿದೆ.

ಸಾಕಮ್ಮ ನಡುಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಂದೇನಿಲ್ಲ ಕಣವ್ವ. ಯಜಮಾನ್ರು ಒಪ್ಪಾಕಿಲ್ಲ. ಓಣೀಲಿ ನಿಂತ್ಕಂಡ್ರೆ ನಾನೇನೂ ಅನ್ನಾಕಿಲ್ಲ."

ಮಾರನೆಯ ದಿನ ಮಾದೇವಾಚಾರಿಗೆ ಹೇಳಿದೆ: "ಇನ್ನು ಮೇಲೆ ಕಣ್ಣು ಮುಚ್ಚಿಕೊಂಡವರಿಗೂ ತಿಳಿಯೋ ಹಾಗೆ ಹೇಳಬೇಕು. ನೀವು ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ." ಅವನು ಕೂತ. ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಅನ್ನುವ ಪ್ರಮೇಯವನ್ನು ಹೇಳಿದೆ.

"ಏನೂ ಗೊತ್ತಾಗ್ನಿಲ್ಲ ಟೀಚ್ರಮ್ಮ."

ಮತ್ತೆ ಹೇಳಿದೆ. ಮತ್ತೆ ಗೊತ್ತಾಗಲಿಲ್ಲ. ಮೂವತ್ತು ವರ್ಷ ಹೇಳಿದ ಪಾಠ ಬಾಯಿಗೆ ಬರದೆ ಒದ್ದಾಡಿದೆ. ಇಷ್ಟು ವರ್ಷ ಪಾಠ ಮಾಡುತ್ತಿದ್ದದ್ದು ನನ್ನ ಬಾಯೋ ಬೆರಳೋ ಅಂತ ಅನುಮಾನ ಬಂತು. ಕೊನೆಗೆ, "ರಾಗಿ ಬೀಸುವ ಕಲ್ಲು ನೆಲದ ಮೇಲಿದೆ ಅಂದುಕೊಳ್ಳಿ. ನಡುವಿನ ಗೂಟಕ್ಕೆ ಓ ಅಂತ ಹೆಸರು. ಕಲ್ಲಿನ ಹೊರಗೆ ಸ್ವಲ್ಪ ದೂರದಲ್ಲಿ ಇನ್ನೊಂದು ಗೂಟ ನೆಟ್ಟಿದೆ. ಅದಕ್ಕೆ ಪಿ ಅನ್ನಿ. ಪಿ ಗೂಟದಿಂದ ಎರಡು ಹಗ್ಗ ಎಳೆಯಿರಿ. ಒಂದು ಕಲ್ಲಿನ ಎಡ ಅಂಚನ್ನು ಎ ಅನ್ನುವಲ್ಲಿ ಮುಟ್ಟಿ ನಿಲ್ಲಲಿ, ಇನ್ನೊಂದು ಬಲ ಅಂಚನ್ನು ಬಿ ಅನ್ನುವಲ್ಲಿ" ಅಂದೆ.

ಮಾದೇವಾಚಾರಿ ಗೋಡೆಯ ಕಡೆ ತಿರುಗಿಕೊಂಡೇ, "ಎರ್ಡ್ ಹಗ್ಗನೂ ಒಂದೇ ಉದ್ದ ಇರ್ತವೆ. ಅದುಕ್ಕೇನ್ ಪರೀಕ್ಸೆ!" ಅಂದ. ಅದನ್ನೇ ರೆಕಾರ್ಡ್ ಮಾಡಿದೆವು. ಮಾಡುವಾಗ ಒಂದು ಕಡೆ ತಪ್ಪಿ "ಓ ಎ, ಪಿ ಬಿ ಸಮ" ಅಂದುಬಿಟ್ಟು, "ಅಲ್ಲ ಅಲ್ಲ, ಓ ಎ, ಓ ಬಿ ಸಮ, ಎರಡೂ ಒಂದೇ ವೃತ್ತದ ತ್ರಿಜ್ಯ" ಅಂತ ಸರಿಮಾಡಿಕೊಂಡೆ. ಮತ್ತೆ ಮಾಡುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ.

ಆಮೇಲೆ ದೂರುಗಳು ಬಂದವು, ಟಿವಿ ಇದ್ದವರಿಂದ. "ಕಾಣ್ತಾ ಇರೋದನ್ನೇ ಯಾಕ್ ಮಿಸ್ ಅಷ್ಟ್ ಎಳೆದೂ ಎಳೆದೂ ಹೇಳ್ತೀರಿ?" ಅಂತ ಬ್ಯಾಂಕಿನವರು ಕೇಳಿದರು. ಅವರ ಮಗ ಫೇಲಾಗಿರಲೂ ಇಲ್ಲ, ಹತ್ತನೇ ಕ್ಲಾಸಿನಲ್ಲಿಯೂ ಇರಲಿಲ್ಲ.

ಇನ್ನೊಂದು ಎಡವಟ್ಟೂ ಆಯಿತು. ಒಂದು ಪಾಠದ ಕೊನೆಯಲ್ಲಿ, "ಟಿವಿ ಇರುವ ಮನೆಯವರು ದಯವಿಟ್ಟು ಈ ಹೊತ್ತಿಗೆ ಕಿಟಕಿ ತೆರೆದಿಡಿ, ಹೊರಗೆ ನಿಂತಿರುವವರೂ ನಮ್ಮ ಮಕ್ಕಳೇ" ಅಂದೆ. ಯಾವ ಊರಿನ ಹೆಸರನ್ನೂ ಹೇಳಲಿಲ್ಲ. ವಾರ ಕಳೆಯುವುದರೊಳಗೆ ಚಿಕ್ಕತಾಯಿ ನಡೆದುಕೊಂಡು ಶಾಲೆಗೆ ಬಂದಳು.

"ಯಾಕ್ ಮಿಸ್ ಅಂಗ್ ಹೇಳಕ್ ಹೋದ್ರಿ? 'ನಾಕ್ ತಾಲೂಕ್ಗೂ ನಮ್ ಮನೆ ಮಾನ ಕಳುದ್ಬುಟ್ಲು' ಅಂತ ಯಜಮಾನ್ರು ಕಿಟ್ಕಿಗೆ ಅಗಳಿ ಹಾಕುಸ್ಬುಟ್ರು. ನೀವ್ ಸುಮ್ಕಿದ್ದಿದ್ರೆ ತೆಗ್ದೇ ಇರ್ತಿತ್ತು."

ನಾನು ಕ್ಯಾತನಹಳ್ಳಿಗೆ ಓಡಿದೆ. ಕ್ಷಮೆ ಕೇಳುವುದೋ ಜಗಳ ಆಡುವುದೋ ತೀರ್ಮಾನವಾಗಿರಲಿಲ್ಲ. ಓಣಿಗೆ ಕಾಲಿಟ್ಟರೆ ಕಿಟಕಿ ನಿಜವಾಗಿಯೂ ಮುಚ್ಚಿತ್ತು. ಆದರೆ ನನ್ನ ದನಿ ಬೀದಿಯ ಆ ತುದಿಯವರೆಗೂ ಕೇಳಿಸುತ್ತಿತ್ತು. ಟಿವಿಯ ದನಿಯನ್ನು ಯಾರೋ ಏರಿಸುವಷ್ಟೂ ಏರಿಸಿದ್ದರು. ಹುಡುಗಿಯರು ಎದುರು ಮನೆಯ ಜಗುಲಿಯ ಕೆಳಗೆ ಆರಾಮಾಗಿ ಕೂತು ಬರೆದುಕೊಳ್ಳುತ್ತಿದ್ದರು. ಸಾಕಮ್ಮನವರು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು.

"ಬಹಳ ಜೋರಾಗಿದೆಯಲ್ಲ ಅಮ್ಮ" ಅಂದೆ, ಕೂಗಿ.

"ನಂಗೆ ಕಿವಿ ಮಂದ ಕಣವ್ವ" ಅಂದರು, ಮೆಲ್ಲಗೆ.

ಹಿಂದಿನ ಸಲ ನಾನು ಪಿಸುಗುಟ್ಟಿದ್ದೂ ಅವರಿಗೆ ಕೇಳಿಸಿತ್ತು. ನಿಜವಾಗಿಯೂ ಕಿವಿ ಮಂದವಾಯಿತೋ ಏನೋ. ನಾನು ಮತ್ತೆ ಕೇಳಲಿಲ್ಲ. ಈ ಸಲವಾದರೂ ಸುಮ್ಮನಿರೋಣ ಅನ್ನಿಸಿತು.

ಇದೇ ಹೊತ್ತಿಗೆ ನಮ್ಮ ಶಿಕ್ಷಣಾಧಿಕಾರಿಗಳಾದ ನಂಜೇಗೌಡರ ಆಫೀಸಿನಿಂದ ಎರಡು ಕಾಗದ ಒಂದೇ ದಿನ ಬಂದವು. ಒಂದರಲ್ಲಿ, ಅನುಮತಿ ಇಲ್ಲದೆ ಖಾಸಗಿ ಚಾನೆಲ್ಲಿನಲ್ಲಿ ಕಾಣಿಸಿಕೊಂಡದ್ದಕ್ಕೆ ಕಾರಣ ಕೊಡಬೇಕೆಂದಿತ್ತು. ಇನ್ನೊಂದರಲ್ಲಿ, ಅದೇ ಕೆಲಸಕ್ಕಾಗಿ ಶಿಕ್ಷಕರ ಸಭೆಯಲ್ಲಿ ಶಾಲು ಹೊದಿಸುವುದಾಗಿ ಇತ್ತು. ಎರಡನ್ನೂ ಹಿಡಿದುಕೊಂಡು ಹೋದೆ. ನಂಜೇಗೌಡರು ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದರು.

"ಎರಡರಲ್ಲೂ ಇರೋದು ನನ್ನ ಸೈನೇ ಅಲ್ವಾ?"

"ಹೌದು ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರೆ ಒಂದ್ ಕೆಲ್ಸ ಮಾಡಿ ಶಾರದಮ್ಮ. ಕಾರಣ ಬರ್ದು ಕೊಡಿ, ಶಾಲೂ ತಗೊಳ್ಳಿ."

ಎರಡನ್ನೂ ಮಾಡಿದೆ. ಪಾಠ ನಿಲ್ಲಿಸಬೇಕೋ ಮುಂದುವರಿಸಬೇಕೋ ಅನ್ನುವುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸರ್ಕಾರಿ ಕೆಲಸದಲ್ಲಿ ಕೆಲವು ಪ್ರಶ್ನೆಗಳನ್ನು ಕೇಳದಿರುವುದೇ ಅನುಮತಿ.

ಸುಗ್ಗಿಯ ದಿನಗಳಲ್ಲಿ ನೆಂಟರ ಮನೆಗೆಂದು ಹೇಮಗಿರಿ ಕಡೆ ಹೋಗುತ್ತಿದ್ದೆ. ನಮ್ಮ ಬಸ್ಸು ಕಬ್ಬು ತುಂಬಿದ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಟ್ರಾಕ್ಟರಿನಲ್ಲಿ ಟೇಪು ಜೋರಾಗಿ ಹಾಡುತ್ತಿತ್ತು. ಕಿವಿಗೊಟ್ಟರೆ ಅದು ಹಾಡಲ್ಲ. "ಪಿ ಗೂಟದಿಂದ ಎರಡು ಹಗ್ಗ ಎಳೆಯಿರಿ" ಅನ್ನುತ್ತಿತ್ತು. ನಡುವೆ ಕುಕ್ಕರು ಎರಡು ಸಲ ಕೂಗಿತು, ಒಂದು ಕೂಸು ಅತ್ತಿತು, ನನ್ನ ದನಿ ಮುಂದುವರಿಯಿತು. ನಾನು ಆಡಿಯೊ ಕ್ಯಾಸೆಟ್ಟನ್ನು ಮಾಡಿಯೇ ಇರಲಿಲ್ಲ. ಟ್ರಾಕ್ಟರು ನಿಂತಾಗ ಬಸ್ಸಿಳಿದು ಹೋಗಿ ಅದರ ಡ್ರೈವರನ್ನು ಕೇಳಿದೆ.

"ನಮ್ ಹುಡ್ಗಿ ಓದ್ಕಳಕ್ಕೆ ಅಂತ ಮಡಿಕಂಡವ್ಳೆ ಕಣವ್ವ. ಗಾಡಿ ಮ್ಯಾಲೆ ನಾನೂ ಹಾಕ್ಕತೀನಿ. ಸಿನ್ಮಾ ಹಾಡಾದ್ರೆ ನಿದ್ದೆ ಬತ್ತದೆ. ಇದಾದ್ರೆ ಈವಮ್ಮ ಏನ್ ಯೋಳ್ತಾವ್ಳೆ ಅಂತ ಯೋಚ್ನೆ ಮಾಡ್ತಾ ಎಚ್ರುವಾಗಿರ್ತೀನಿ."

"ಎಲ್ಲಿ ಸಿಕ್ತು ಇದು?"

"ದೇವಲಾಪುರದ ಟೈಲರ್ ಅನ್ವರಣ್ಣ ಕೊಟ್ರು."

ಮುಂದಿನ ಭಾನುವಾರ ದೇವಲಾಪುರಕ್ಕೆ ಹೋದೆ. ಅಲ್ಲಿ ಕೇಬಲ್ಲೇ ಇರಲಿಲ್ಲ. ಅನ್ವರನ ಅಂಗಡಿಯಲ್ಲಿ ಹೊಲಿಗೆ ಕಲಿಯಲು ಬರುವ ಏಳೆಂಟು ಹುಡುಗಿಯರು. ಹತ್ತನೇ ಕ್ಲಾಸು ಫೇಲಾದ ಹುಡುಗಿಯರನ್ನು ಆಗ ಮನೆಯವರು ಹೊಲಿಗೆಗೆ ಕಳಿಸುತ್ತಿದ್ದರು, ಮದುವೆಯ ತನಕ. ಅನ್ವರ್ ನಾಗಮಂಗಲದಲ್ಲಿ ತಂಗಿಯ ಮನೆಗೆ ಹೋದಾಗ, ಅಪರೂಪಕ್ಕೆ ಕರೆಂಟಿದ್ದ ಒಂದು ಸಂಜೆ, ಟಿವಿಯ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತಿದ್ದನಂತೆ. ಕುಕ್ಕರು, ಕೂಸು ಎಲ್ಲ ಅವನ ತಂಗಿಯದೇ.

"ನೋಡ್ದೇನೇ ತಿಳೀತದೆ ಮೇಡಂ ನಿಮ್ದು. ಅಲ್ಲಾ ಕಸಂ, ನನ್ಗೂ ಅರ್ಧ ಬಂದ್ಬುಡ್ತು" ಅಂದ. "ಕೈ ಹೊಲೀತಿರ್ತದೆ, ಕಿವಿ ಸುಮ್ನೇ ಇರ್ತದಲ್ಲ."

"ಒಂದು ಹೇಳು ನೋಡೋಣ" ಅಂತ ಒಬ್ಬ ಹುಡುಗಿಯನ್ನು ಕೇಳಿದೆ. ಅವಳು ಎದ್ದು ನಿಂತು, ನಾನು ನಿಲ್ಲಿಸುವಲ್ಲಿ ನಿಲ್ಲಿಸಿ, ನಾನು ಕೆಮ್ಮುವಲ್ಲಿ ಕೆಮ್ಮಿ, ಅರ್ಧ ಪ್ರಮೇಯ ಹೇಳಿ ಕೂತುಬಿಟ್ಟಳು. "ಮುಂದೆ?" ಅಂದೆ. "ಮುಂದೆ ಹಾಡು ಮಿಸ್" ಅಂದಳು. ರೆಕಾರ್ಡು ಅಷ್ಟಕ್ಕೇ ನಿಂತು, ಹಳೇ ಕ್ಯಾಸೆಟ್ಟಿನಲ್ಲಿ ಮೊದಲಿದ್ದ ಹಾಡು ಅಲ್ಲಿಂದ ಶುರುವಾಗುತ್ತಿತ್ತು. ಪ್ರಮೇಯ ಅಲ್ಲಿಗೇ ಮುಗಿಯಿತೆಂದು ಅವರೆಲ್ಲ ನಂಬಿದ್ದರು. ಅವತ್ತು ಸಂಜೆಯವರೆಗೆ ಕೂತು ಉಳಿದರ್ಧ ಹೇಳಿಕೊಟ್ಟೆ. ಹೀಗೆ ಅರ್ಧ ತಲುಪಿದ ಟೇಪು ಇನ್ನೆಷ್ಟು ಅಂಗಡಿಗಳಲ್ಲಿ ಓಡುತ್ತಿದೆಯೋ ಅಂತ ಬಸ್ಸಿನಲ್ಲಿ ಕೂತು ಯೋಚಿಸಿದೆ. ನನ್ನ ಕ್ಲಾಸಿನಲ್ಲಿ ಯಾರಿದ್ದಾರೆ ಅನ್ನುವುದು ಆ ದಿನದಿಂದ ನನಗೆ ಪೂರ್ತಿ ತಪ್ಪಿಹೋಯಿತು.

ಪರೀಕ್ಷೆ ಬಂತು, ಮುಗಿಯಿತು. ಫಲಿತಾಂಶದ ಹೊತ್ತಿಗೆ ನಮ್ಮ ಕಡೆಯ ಕೆಲವು ಖಾಸಗಿ ಅಭ್ಯರ್ಥಿಗಳ ಗಣಿತದ ಫಲಿತಾಂಶವನ್ನು ತಡೆಹಿಡಿದಿದ್ದಾರೆಂದು ಸುದ್ದಿ ಬಂತು. ಸಾಮೂಹಿಕ ನಕಲು ಅಂತ. ಬೇರೆ ಬೇರೆ ಊರಿನ ಕೇಂದ್ರಗಳಲ್ಲಿ ಬರೆದವರು ಒಂದೇ ಮಾತನ್ನು ಬರೆದಿದ್ದರಂತೆ. ಅದರಲ್ಲಿ ಚಿಕ್ಕತಾಯಿಯೂ ಇದ್ದಳು. ನಕಲು ಅಂತ ತೀರ್ಮಾನವಾದರೆ ಮುಂದಿನ ಪರೀಕ್ಷೆಗಳಿಗೂ ಕೂರಿಸುತ್ತಿರಲಿಲ್ಲ. ಅವಳ ಮನೆಯಲ್ಲಿ ಆಗಲೇ ಗಂಡು ನೋಡಿದ್ದರು. ಇದೊಂದು ಸಲ ನೋಡಿ ಆಮೇಲೆ ಮದುವೆ ಅಂತ ಅವಳ ಅಪ್ಪ ಹೇಳಿದ್ದ.

ವಿಚಾರಣೆಗೆ ಮೈಸೂರಿನಿಂದ ಒಬ್ಬ ಅಧಿಕಾರಿ ನಮ್ಮ ಶಾಲೆಗೇ ಬಂದರು. ನಂಜೇಗೌಡರು ನನ್ನನ್ನೂ ಕರೆಸಿದರು. ಅಧಿಕಾರಿ ಒಂದು ಹಾಳೆ ತೆಗೆದು ಓದಿದರು: "'ಬೀಸುವ ಕಲ್ಲಿನ ಹೊರಗೆ ಒಂದು ಗೂಟ ನೆಟ್ಟಿದೆ ಎಂದುಕೊಳ್ಳಿ.' ಇದು ಯಾವ ಪಠ್ಯಪುಸ್ತಕದಲ್ಲಿದೆ?"

"ಪುಸ್ತಕದಲ್ಲಿಲ್ಲ ಸಾರ್. ನಾನು ಹೇಳಿದ್ದು."

"ಪರೀಕ್ಷಾ ಕೊಠಡಿಯೊಳಗಾ?"

"ಅಲ್ಲ ಸಾರ್, ಟಿವಿಯಲ್ಲಿ. ಮಳೆಗಾಲದಲ್ಲಿ."

"ಇವರ ಮನೆಗಳಲ್ಲಿ ಟಿವಿ ಇದೆಯಾ?"

"ಇಲ್ಲ ಸಾರ್."

ಅವರು ಪೆನ್ನು ಕೆಳಗಿಟ್ಟರು. ನಾನು ಕಿಟಕಿ, ಕುಕ್ಕರು, ಟ್ರಾಕ್ಟರು, ಟೈಲರ್ ಅಂಗಡಿ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು. ಅವರು ಇನ್ನೊಂದು ಹಾಳೆ ತೆಗೆದರು. "ಇವರು 'ಅಲ್ಲ ಅಲ್ಲ, ಓ ಎ, ಓ ಬಿ ಸಮ' ಅಂತ ಬರೆದಿದ್ದಾರೆ. ಉತ್ತರಪತ್ರಿಕೆಯಲ್ಲಿ ಅಲ್ಲ ಅಲ್ಲ ಅಂದರೇನು?"

"ಅದೂ ನಾನೇ ಸಾರ್. ತಪ್ಪಿ ಹೇಳಿ ತಿದ್ದಿಕೊಂಡಿದ್ದೆ."

ಅವರು ಚಿಕ್ಕತಾಯಿಯನ್ನು ಒಳಗೆ ಕರೆದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಪ್ರಮೇಯ ಹೇಳು ಅಂದರು. ಹೇಳಿದಳು, ಪೂರ್ತಿ.

"ಕಂಠಪಾಠ ಆಗಿದೆ. ಅರ್ಥ ಗೊತ್ತಾ? ಆ ಗೂಟವನ್ನು ಇನ್ನೂ ದೂರ ನೆಟ್ಟರೆ?"

"ಎರ್ಡ್ ಹಗ್ಗನೂ ಒಂದೇ ಸಮ ಉದ್ದಾಯ್ತವೆ ಸಾ."

"ಹತ್ತಿರ ತಂದು ಕಲ್ಲಿಗೆ ತಾಗಿಸಿ ನೆಟ್ಟರೆ?"

ಅದನ್ನು ನಾನು ಯಾವ ಟೇಪಿನಲ್ಲೂ ಹೇಳಿರಲಿಲ್ಲ. ಅವಳು ನೆಲ ನೋಡುತ್ತ, ಕಾಲಿನ ಹೆಬ್ಬೆರಳನ್ನು ಸ್ವಲ್ಪ ಸರಿಸಿ ಏನನ್ನೋ ಅಳೆದಳು.

"ಆಗ ಹಗ್ಗುಕ್ಕೆ ಜಾಗ್ವೇ ಇರಾಕಿಲ್ವಲ್ಲ ಸಾ. ಎರ್ಡೂ ಸೊನ್ನೆ. ಆಗ್ಲೂ ಸಮನೇಯ."

ಅಧಿಕಾರಿ ಅವಳ ಮುಂದೆ ಒಂದು ಖಾಲಿ ಹಾಳೆ ಸರಿಸಿ ಚಿತ್ರ ಬರೆಯಲು ಹೇಳಿದರು. ಅವಳು ವೃತ್ತವನ್ನು ಮೇಲೆ ಬರೆದು ಪಿ ಬಿಂದುವನ್ನು ಹಾಳೆಯ ಕೆಳ ಅಂಚಿನಲ್ಲಿ, ತನ್ನ ಹೊಟ್ಟೆಯ ಹತ್ತಿರ ಇಟ್ಟಳು. ಪುಸ್ತಕದಲ್ಲಿ ಅದು ಬಲಗಡೆ ಇರುತ್ತದೆ; ಬೋರ್ಡಿನ ಮೇಲೆ ನಾನು ಬರೆದದ್ದೂ ಬಲಕ್ಕೇ.

"ಇಲ್ಲಿ ಯಾಕೆ ಇಟ್ಟೆ?"

"ನಾನು ಗೂಟದ್ ತಾವ್ಲೇ ನಿಂತಿದ್ದೆ ಸಾ, ಅದ್ಕೇ."

ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಅಡ್ಡ ತಿರುಗಿಸಿದರು. ನೋಡಿದರು. ಮತ್ತೆ ಮೊದಲಿದ್ದ ಹಾಗೇ ತಿರುಗಿಸಿದರು. "ಹೋಗಮ್ಮ" ಅಂದರು.

ತಡೆಹಿಡಿದ ಫಲಿತಾಂಶ ಕೆಲವು ವಾರಗಳ ಮೇಲೆ ಬಂತು. ನಕಲಿನ ಮಾತನ್ನು ಕೈಬಿಟ್ಟಿದ್ದರು. ಚಿಕ್ಕತಾಯಿ ಪಾಸಾದಳು. ದೇವಲಾಪುರದಲ್ಲಿ ಮೂವರೋ ನಾಲ್ವರೋ ಆದರು ಅಂತ ಅನ್ವರ್ ಹೇಳಿ ಕಳಿಸಿದ. ಕಿಟಕಿಯ ಕೆಳಗೆ ನಿಂತ ಉಳಿದವರಲ್ಲಿ ಇಬ್ಬರು ಪರೀಕ್ಷೆಗೇ ಕೂತಿರಲಿಲ್ಲ. ಒಟ್ಟು ಎಷ್ಟು ಜನ ಅಂತ ಆಮೇಲೆ ಎಷ್ಟೋ ಸಭೆಗಳಲ್ಲಿ ನನ್ನನ್ನು ಕೇಳಿದ್ದಾರೆ. ಗೊತ್ತಿಲ್ಲ ಅಂದಿದ್ದೇನೆ. ಹಾಜರಿಯೇ ಇಲ್ಲದ ಕ್ಲಾಸಿಗೆ ಫಲಿತಾಂಶ ಎಲ್ಲಿಂದ ತರಲಿ? ಗಾಯತ್ರಿ ಮತ್ತೆ ಫೇಲಾದಳು. ಒಂದು ಪಾಠವನ್ನೂ ತಪ್ಪಿಸದೆ, ಕ್ಯಾಮೆರಾದ ಪಕ್ಕದಲ್ಲೇ, ನನ್ನಿಂದ ನಾಲ್ಕು ಅಡಿ ದೂರ ಕೂತಿದ್ದವಳು.

ಫಲಿತಾಂಶ ಬಂದ ಮೇಲೆ ಒಂದು ಮಧ್ಯಾಹ್ನ ಚಿಕ್ಕತಾಯಿ ನನ್ನನ್ನು ಹುಡುಕಿಕೊಂಡು ಬಂದಳು. ಮದುವೆಯನ್ನು ಒಂದು ವರ್ಷ ಮುಂದಕ್ಕೆ ಹಾಕಲು ಅಪ್ಪ ಒಪ್ಪಿದ್ದಾನೆ, ಕಾಲೇಜಿಗೆ ಅರ್ಜಿ ಹಾಕಬೇಕು ಅಂದಳು. ಆಮೇಲೆ, "ಮಿಸ್, ಆ ಕ್ಯಾಸೆಟ್ಟು ಇನ್ನೂ ಅದಾ? ಒಂದ್ ಸಲ ನೋಡ್ಬೇಕು" ಅಂದಳು.

ಮಾದೇವಾಚಾರಿಯ ಮನೆಗೆ ಕರೆದುಕೊಂಡು ಹೋದೆ. ಅವನು ಕುರ್ಚಿ ಹಾಕಿದ. ಅವಳು ನೆಲದ ಮೇಲೆ ಕೂತಳು. ಗಾಯತ್ರಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಫೇಲಾದ ದಿನದಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ.

ಚಿಕ್ಕತಾಯಿ ಇಡೀ ಪಾಠವನ್ನು ರೆಪ್ಪೆ ಮಿಟುಕಿಸದೆ ನೋಡಿದಳು. ಬಾಯಲ್ಲಿ ನನಗಿಂತ ಒಂದು ಮಾತು ಮುಂದೆ ಹೋಗುತ್ತಿದ್ದಳು. ಹೃದಯ, ಗುಲಾಬಿ ಬಂದಾಗ ಬೆಚ್ಚಿಬಿದ್ದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅದಕ್ಕೆ ದನಿ ಇರಲಿಲ್ಲವಲ್ಲ, ಅವಳಿಗೆ ಅದು ಗೊತ್ತೇ ಇರಲಿಲ್ಲ.

"ಅಣ್ಣ, ಇನ್ನೊಂದ್ಸಲ ಹಾಕ್ತೀರಾ? ಸವುಂಡ್ ತಗ್ದುಬುಡಿ."

ಅವನು ನನ್ನ ಮುಖ ನೋಡಿದ. ನಾನು ಹಾಕಿ ಅಂದೆ. ಪರದೆಯ ಮೇಲೆ ನಾನು ಬಾಯಿ ಆಡಿಸುತ್ತ, ಕೈ ಆಡಿಸುತ್ತ, ಒಂದೂ ಮಾತಿಲ್ಲದೆ ವೃತ್ತ ಬರೆಯತೊಡಗಿದೆ. ಚಿಕ್ಕತಾಯಿ ಮೊಣಕಾಲೂರಿ ಟಿವಿಯ ಹತ್ತಿರ ಸರಿದು, ತನ್ನದೇ ಮಾತಿನಲ್ಲಿ, ಕ್ಯಾತನಹಳ್ಳಿಯ ಮಾತಿನಲ್ಲಿ ಹೇಳಲು ಶುರುಮಾಡಿದಳು. ನನ್ನ ಕ್ರಮವನ್ನೂ ಬಿಟ್ಟಳು. ಕೊನೆಯದನ್ನು ಮೊದಲು ಹೇಳಿದಳು. ನಾನಾದರೆ ಅಲ್ಲೇ ತಡೆಯುತ್ತಿದ್ದೆ.

ಅಡುಗೆಮನೆಯ ಬಾಗಿಲಿಂದ ದನಿ ಬಂತು. "ಅದ್ಯಾಕ್ ಅಂಗಾಯ್ತದೆ ಅಕ್ಕ?"

ಗಾಯತ್ರಿ. ಅಷ್ಟು ತಿಂಗಳಲ್ಲಿ ಅವಳು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಚಿಕ್ಕತಾಯಿ ಟಿವಿಗೆ ಬೆನ್ನು ತಿರುಗಿಸಿ, "ಇಲ್ಲ್ ಬಾ, ಕುಂತ್ಕೊ" ಅಂತ ನೆಲ ತಟ್ಟಿದಳು.

ನಾನು ಎದ್ದೆ. ಮಾದೇವಾಚಾರಿಯೂ ಎದ್ದ. ಇಬ್ಬರೂ ಹೊರಗೆ ಬಂದು ಜಗುಲಿಯ ಮೇಲೆ ಕೂತೆವು. ಒಳಗೆ ಇಬ್ಬರು ಹುಡುಗಿಯರ ದನಿ ಒಂದರ ಮೇಲೊಂದು ಬೀಳುತ್ತಿತ್ತು. ಒಮ್ಮೆ ಜಗಳದ ಹಾಗೆ, ಒಮ್ಮೆ ನಗುವಿನ ಹಾಗೆ.

"ಒಳೀಕೆ ಏನ್ ನಡೀತಾ ಅದೆ ಟೀಚ್ರಮ್ಮ?" ಅಂತ ಅವನು ಕೇಳಿದ.

"ಗೊತ್ತಿಲ್ಲ ಮಾದೇವಾಚಾರಿ. ಸುಮ್ಮನಿರಿ, ಕೇಳೋಣ" ಅಂದೆ.